ನಮ್ಮ ಹುಡುಗಿ ಏನೂ ತಿನ್ನಲ್ಲ

ಮೊಮ್ಮಗಳು ಹುಟ್ಟಿ ಮೂರು ತಿಂಗಳು ತುಂಬಿತು. ಆವತ್ತಿನಿಂದ ನನ್ನ ಬಾಯಿ ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ಹಾಲು ಹಾಕಲು ಬರುವವನನ್ನು ನಿಲ್ಲಿಸಿಕೊಂಡು ಮಗುವಿನ ಕಿವಿ ಯಾರ ಹಾಗಿದೆ ಎಂದು ವಿವರಿಸುತ್ತೇನೆ. ಕರೆಂಟು ಮೀಟರು ನೋಡಲು ಬಂದವರು ಮೀಟರಿಗಿಂತ ಮೊದಲು ತೊಟ್ಟಿಲು ನೋಡಬೇಕು. ಮೊನ್ನೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು "ಅರಕಲಗೂಡು ಬಸ್ ಓಯ್ತಾ ಅಕ್ಕಾ?" ಎಂದು ಕೇಳಿದಳು. "ಇಲ್ಲ ಕಣವ್ವ, ನಮ್ ಮೊಮ್ಮಗ್ಳು ನೆನ್ನೆ ಮಗ್ಗುಲಾದ್ಲು" ಎಂದೆ. ಬಸ್ಸು ಬಂದು, ಜನ ಹತ್ತಿ, ಹೊರಟಾಗಲೂ ನನ್ನ ಮಾತು ಮುಗಿದಿರಲಿಲ್ಲ. ಆಕೆ ಕಿಟಕಿಯಿಂದ ಕೈ ಆಡಿಸಿದಳು. ಹೋಗಿಬರುತ್ತೇನೆ ಎಂದಳೋ, ಸಾಕು ನಿಲ್ಲಿಸು ಎಂದಳೋ, ಇವತ್ತಿಗೂ ಗೊತ್ತಾಗಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಐದನೇ ಕ್ಲಾಸಿನ ಸ್ಕೂಲು ಹೊಳೆಯ ಆಚೆ ದಂಡೆಯಲ್ಲಿತ್ತು, ನಾನು ಈಚೆ ದಂಡೆಯಲ್ಲಿದ್ದೆ. ವಿಷಯ ಅಷ್ಟೇ. ಆದ್ದರಿಂದ ಈ ಬರಹದಲ್ಲಿ ಒತ್ತಕ್ಷರಗಳು ಸರಿಯಾಗಿ ಕಂಡ ಕಡೆಯಲ್ಲೆಲ್ಲ ನನ್ನ ಮಗಳು ಪವಿತ್ರ ಕೈಯಾಡಿಸಿದ್ದಾಳೆ ಎಂದು ತಿಳಿದುಕೊಳ್ಳಿ. ವಿಷಯ ತಿದ್ದಲು ಮಾತ್ರ ನಾನು ಬಿಟ್ಟಿಲ್ಲ. ಯಾಕೆಂದರೆ ಇದು ನನ್ನ ತಪ್ಪು. ಬೇರೆಯವರು ತಿದ್ದಿದರೆ ಅದು ಯಾರದೋ ತಪ್ಪಾಗಿಬಿಡುತ್ತದೆ.

ನಮ್ಮ ಕಡೆ ಒಂದು ರೂಢಿ ಇದೆ. ಮಗು ಚೆನ್ನಾಗಿ ಉಣ್ಣುತ್ತದೆ ಎಂದು ಹೆತ್ತವಳು ಹೊರಗಿನವರ ಮುಂದೆ ಬಾಯಿ ಬಿಟ್ಟು ಹೇಳಬಾರದು. ದೃಷ್ಟಿಯಾಗುತ್ತದೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಉಸಿರಾಡುವುದನ್ನು ಯಾರು ಕಲಿಸುತ್ತಾರೆ? ಮದುವೆ ಮನೆಯಲ್ಲಿ ನೋಡಬೇಕು ನಮ್ಮ ಹೆಂಗಸರನ್ನು. ಒಬ್ಬಳು "ನಮ್ಮುಡ್ಗ ಒಂದ್ ತುತ್ತೂ ಮುಟ್ಟಲ್ಲ ಕಣಕ್ಕ" ಎನ್ನುತ್ತಾಳೆ. ಇನ್ನೊಬ್ಬಳು "ನಮ್ಮುಡ್ಗಿ ಗಾಳಿ ಕುಡ್ಕಂಡು ಬದುಕವ್ಳೆ" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಆ ಹುಡುಗ, ಆ ಹುಡುಗಿ ಇಬ್ಬರೂ ಪಂಕ್ತಿಯಲ್ಲಿ ಕೂತು ಮೂರನೇ ಹೋಳಿಗೆಗೆ ತುಪ್ಪ ಕೇಳುತ್ತಿರುತ್ತಾರೆ. ಕೇಳಿಸಿಕೊಂಡವಳೂ ಅದನ್ನು ನೋಡುತ್ತಲೇ "ಅಯ್ಯೋ ಪಾಪ" ಎನ್ನುತ್ತಾಳೆ. ಹೇಳಿದವಳಿಗೂ ಗೊತ್ತು, ಕೇಳಿದವಳಿಗೂ ಗೊತ್ತು. ಹೀಗಾಗಿ ಅದನ್ನು ಸುಳ್ಳು ಎಂದು ನಾವು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮಸ್ಕಾರ ಅಂದ ಹಾಗೆ ಅದೂ ಒಂದು.

ಆದರೆ ಆ ಮಾತನ್ನು ಒಬ್ಬರು ಪುಸ್ತಕದಲ್ಲಿ ಬರೆದುಕೊಂಡುಬಿಟ್ಟರು. ಅಲ್ಲಿಂದ ಶುರುವಾಯಿತು ನನ್ನ ಕಷ್ಟ.

ಪವಿತ್ರ ಆರನೇ ಕ್ಲಾಸಿನಲ್ಲಿದ್ದಾಗ ಅವಳ ಸ್ಕೂಲಿಗೆ ಹಾಸನದಿಂದ ಮಕ್ಕಳ ಆರೋಗ್ಯದ ಸಮೀಕ್ಷೆ ಮಾಡುವವರ ಒಂದು ಜೀಪು ಬಂತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನಲ್ಲಿ ಆ ವಯಸ್ಸಿನ ಮಕ್ಕಳನ್ನು ಆರಿಸಿಕೊಂಡು, ಮನೆಯವರ ಒಪ್ಪಿಗೆ ಕೇಳಿಕೊಂಡು ಬಂದಿದ್ದರು. ಜೊತೆಯಲ್ಲಿ ಶೋಭಾ ಎನ್ನುವ ಹುಡುಗಿ ಇದ್ದಳು. ಆಗಿನ್ನೂ ಕೆಲಸಕ್ಕೆ ಸೇರಿದ ಹೊಸದು, ಹಿರೀಸಾವೆ ಕಡೆಯವಳು. ನಮ್ಮ ಜಗಲಿಯ ಮೇಲೆ ಕೂತು ಅವಳೇ ಬಿಡಿಸಿ ಹೇಳಿದಳು. ಮಕ್ಕಳು ದೊಡ್ಡವರಾಗುವ ಈ ವಯಸ್ಸಿನಲ್ಲಿ ಏನು ತಿನ್ನುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ, ಆಡುತ್ತಾರೋ ಇಲ್ಲವೋ, ಮನಸ್ಸಿಗೆ ಏನೇನು ಬೇಜಾರು ಇರುತ್ತದೆ, ಇದನ್ನೆಲ್ಲ ವರ್ಷ ವರ್ಷವೂ ಬಂದು ಬರೆದುಕೊಳ್ಳುತ್ತಾರಂತೆ. ಆಮೇಲೆ ಇವರು ಮದುವೆ ಮಕ್ಕಳು ಅಂತ ಆದ ಮೇಲೂ ಬರುತ್ತಾರಂತೆ. ಆಗ ತಿಂದದ್ದು ಈಗ ಎಲುಬಿನಲ್ಲಿದೆಯೋ, ರಕ್ತದಲ್ಲಿದೆಯೋ, ಎಲ್ಲಿ ಹೋಯಿತು ಅಂತ ಹುಡುಕುತ್ತಾರಂತೆ.

ನಮ್ಮೆಜಮಾನರು ಹೊಲದಿಂದ ಬಂದು ಕಾಲು ತೊಳೆಯುತ್ತಾ ಇದನ್ನೆಲ್ಲ ಕೇಳಿಸಿಕೊಂಡರು. "ಅಂದ್ರೆ ಬಿತ್ತುಬುಟ್ಟು ಬೆಳೆ ಬರೋಗಂಟ ಬದಿನ ಮ್ಯಾಲೆ ಕುಂತಿರ್ತೀರಾ ತಾಯಿ?"

"ಹಂಗೇ ಅನ್ಕಳಿ ಯಜಮಾನ್ರೇ" ಎಂದಳು ಶೋಭಾ.

"ಎಷ್ಟ್ ವರ್ಸ?"

"ಈ ಹುಡ್ಗಿ ಮಕ್ಳಿಗೆ ತಾಯಿ ಆಗೋವರ್ಗೂ, ಆಮೇಲೂ."

"ಅಯ್ಯೋ ಶಿವನೇ! ನಮ್ ಆಲೂಗೆಡ್ಡೆನೇ ವಾಸಿ ಕಣವ್ವ. ಮೂರ್ ತಿಂಗ್ಳಿಗೆ ಏನ್ ಅಂತ ಯೋಳ್ಬುಡ್ತದೆ."

ಹೀಗೆ ಶೋಭಾ ನಮ್ಮ ಮನೆಗೆ ಬರುವುದಕ್ಕೆ ಶುರು ಮಾಡಿದಳು. ವರ್ಷಕ್ಕೊಮ್ಮೆ, ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು. ಅದರಲ್ಲಿ ಮೇಲೆ ಹತ್ತಿ ನಿಲ್ಲುವ ತೂಕದ ಮೆಷಿನ್ನು, ಟೇಪು, ಸೌಟು, ಲೋಟ ಎಲ್ಲ ಇರುತ್ತಿದ್ದವು. ಜೊತೆಗೆ ಮರದ ಮೂರು ಉಂಡೆಗಳು, ಚಿಕ್ಕದು, ಮಧ್ಯಮ, ದೊಡ್ಡದು. ಅದು ಮುದ್ದೆಯ ಅಳತೆ. "ಜಯಕ್ಕ, ಹುಡ್ಗಿ ತಿನ್ನೋ ಮುದ್ದೆ ಇದ್ರಲ್ಲಿ ಯಾವ್ದು?" ಎಂದು ಕೇಳುತ್ತಿದ್ದಳು. ನಾನು ಪ್ರತಿ ವರ್ಷವೂ ಹಿಂದೆ ಮುಂದೆ ನೋಡದೆ ಚಿಕ್ಕದನ್ನು ಮುಟ್ಟಿ, "ಇದ್ರಾಗೂ ಅರ್ಧ ಬುಡ್ತಾಳೆ ಕಣವ್ವ, ನಮ್ಮುಡ್ಗಿ ಏನೂ ತಿನ್ನಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ನಮ್ಮ ಮನೆಯ ಮುದ್ದೆ ಆ ಚೀಲದಲ್ಲೇ ಇರಲಿಲ್ಲ. ಆ ದೊಡ್ಡ ಉಂಡೆ ನಮ್ಮ ಮನೆಯಲ್ಲಿ ಮುದ್ದೆ ಪಾತ್ರೆಯ ತಳಕ್ಕೆ ಅಂಟಿಕೊಂಡು ಉಳಿಯುವಷ್ಟು. ಪವಿತ್ರ ಒಂದು ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ತಳ್ಳುವ ಜಾತಿ. ಮಧ್ಯಾಹ್ನ ಸ್ಕೂಲಿನ ಬಿಸಿಯೂಟದಲ್ಲಿ ಎರಡನೇ ಸಲ ಸಾಲಿನಲ್ಲಿ ನಿಲ್ಲುತ್ತಿದ್ದಳೆಂದು ಅಡಿಗೆಯವಳೇ ನನಗೆ ಹೇಳಿದ್ದಳು. ನಾನು ಅವಳಿಗೂ, "ಮನೇಲಿ ಏನೂ ಮುಟ್ಟಲ್ಲ ಕಣಮ್ಮ, ಅದ್ಕೆ" ಎಂದಿದ್ದೆ.

ಶೋಭಾಳಿಗೆ ಇದು ಗೊತ್ತಾಗುವ ಹಾಗೂ ಇರಲಿಲ್ಲ. ಅಳೆಯಲು ಹೋದ ಮನೆಯಲ್ಲಿ ಊಟ ಮಾಡಬಾರದು ಅಂತ ಅವರಲ್ಲಿ ಕಟ್ಟಳೆ. ಕಾಫಿ ಕುಡಿದು ಎದ್ದುಬಿಡುತ್ತಿದ್ದಳು. ಮಗಳೂ ನನ್ನ ಮಗಳೇ. "ಏನ್ ತಿಂದೆ ಪುಟ್ಟಿ ಇವತ್ತು?" ಎಂದು ಶೋಭಾ ಕೇಳಿದರೆ, ಕೈಯಲ್ಲಿದ್ದ ಚಕ್ಕುಲಿಯನ್ನು ಬೆನ್ನ ಹಿಂದೆ ಹಿಡಿದು, "ಏನೂ ಇಲ್ಲ ಶೋಭಕ್ಕ" ಎನ್ನುತ್ತಿದ್ದಳು. ಒಂದೇ ಒಂದು ವರ್ಷ ಬಾಯಿ ತಪ್ಪಿ "ಎರಡು ಮುದ್ದೆ" ಎಂದಾಗ ನಾನು ತೊಡೆ ಚಿವುಟಿದ್ದೆ. ಅವಳು "ಅವ್ವೋ!" ಎಂದಳು. ಶೋಭಾ ಅದನ್ನೂ ಬರೆದುಕೊಂಡಳೋ ಏನೋ.

ಆದರೆ ಆ ತೂಕದ ಮೆಷಿನ್ನಿಗೆ ದೃಷ್ಟಿಯ ಭಯ ಇಲ್ಲವಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಹುಡುಗಿ ವರ್ಷ ವರ್ಷಕ್ಕೆ ಟೇಪನ್ನು ಮೇಲೆ ಮೇಲೆ ತಳ್ಳುತ್ತಾ ಬೆಳೆದಳು. ರಕ್ತ ನೋಡಿದರೆ ಕೆಂಪಗೆ ಚೆನ್ನಾಗಿದೆ ಅಂತ ಬಂತು. ಶೋಭಾ ಒಂದು ಸಲ ಪುಸ್ತಕ ನೋಡುತ್ತಾಳೆ, ಒಂದು ಸಲ ಹುಡುಗಿಯನ್ನು ನೋಡುತ್ತಾಳೆ. "ಜಯಕ್ಕ, ಇವ್ಳು ಏನ್ ಕುಡ್ದು ಬೆಳೀತಾವ್ಳೆ?" ಹಾಸನದಲ್ಲಿದ್ದ ಅವರ ದೊಡ್ಡವರಿಗೂ ಇದೇ ಯೋಚನೆಯಾಯಿತಂತೆ. ಒಂದು ವರ್ಷ ಥೈರಾಯ್ಡ್ ಅಂತ ರಕ್ತ ತೆಗೆದರು. ಮುಂದಿನ ವರ್ಷ ಇನ್ನೇನೋ ಅಂತ ತೆಗೆದರು. ಹೊಟ್ಟೆಯಲ್ಲಿ ಹುಳ ಇದೆಯೋ ನೋಡಿದರು, ಅದೂ ಇರಲಿಲ್ಲ. ಪಾಪ, ನಾನು ಆಡಿದ ಮಾತಿಗೆ ಅವಳ ತೋಳು ಸೂಜಿ ಚುಚ್ಚಿಸಿಕೊಂಡಿತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಬದಲಿಗೆ ನೋಡಿದೆಯಾ, ಬಾಯಿ ಬಿಟ್ಟು ಹೇಳದಿದ್ದರಿಂದಲೇ ಹುಡುಗಿ ಇಷ್ಟು ಚೆನ್ನಾಗಿದ್ದಾಳೆ ಎಂದುಕೊಂಡೆ.

ವರ್ಷಗಳು ಹೋದವು. ಪವಿತ್ರ ಈಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಹಾಸನ ಚನ್ನರಾಯಪಟ್ಟಣದ ಮಧ್ಯೆ ಓಡಾಡುವವರು ಅವಳ ಗಂಟಲು ಕೇಳಿರುತ್ತಾರೆ. ಅವಳು "ಮುಂದಕ್ಕೆ ನಡೀರಿ" ಎಂದರೆ ಹಿಂದಿನ ಬಸ್ಸಿನಲ್ಲಿರುವವರೂ ಮುಂದಕ್ಕೆ ನಡೆಯುತ್ತಾರೆ ಎಂದು ಅವರಪ್ಪ ಹೇಳುತ್ತಾರೆ. ಮದುವೆಯಾಗಿ ಚನ್ನರಾಯಪಟ್ಟಣದಲ್ಲಿದ್ದಾಳೆ. ಹೆರಿಗೆಯಾಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣು ಮಗು. ನಾನು ಆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುವಾಗ ಅದು ಕಾಲು ಒದೆಯುವ ಸೊಗಸು ನೋಡಬೇಕು! ಬೇಡ, ಆ ವಿಷಯಕ್ಕೆ ಹೋದರೆ ನಾನು ವಾಪಸು ಬರುವುದಿಲ್ಲ.

ಮಗುವನ್ನು ನೋಡಲು ಶೋಭಾ ಬಂದಳು. ಅವಳಿಗೂ ಈಗ ಕನ್ನಡಕ, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಮಗುವನ್ನು ಎತ್ತಿಕೊಂಡು ಮುದ್ದಾಡಿ, ಕಾಫಿ ಕುಡಿದು, ಮೆಲ್ಲಗೆ ಹೇಳಿದಳು. "ಜಯಕ್ಕ, ಬುಧವಾರ ನಮ್ ಡಾಕ್ಟ್ರಮ್ಮನ್ನ ಕರ್ಕಂಡ್ ಬತ್ತೀನಿ. ಅಂದು ಅಳತೆ ತಗಂಡ ಹುಡ್ಗೀರ ಮಕ್ಕಳನ್ನೂ ಇನ್ನು ಮೇಲೆ ನಾವು ನೋಡ್ತೀವಿ. ಪವಿತ್ರ ಒಪ್ಪಿದ್ರೆ ಈ ಪಾಪೂನೂ ಸೇರ್ಸ್ಕತೀವಿ. ಅಷ್ಟೇ ಅಲ್ಲ. ಡಾಕ್ಟ್ರಮ್ಮ ನಿಮ್ಮನ್ನೂ ಮಾತಾಡಿಸ್ಬೇಕಂತೆ. ನಮ್ ಕಾಗದದಲ್ಲಿ ಹೆಸರಿರಲ್ಲ, ಬರೀ ನಂಬರು. ಆದ್ರೆ ಪವಿತ್ರನ ನಂಬರು ಅಂದ್ರೆ ನಮ್ ಆಫೀಸಲ್ಲಿ ಎಲ್ರಿಗೂ ಗೊತ್ತು. ಅಷ್ಟ್ ಕಮ್ಮಿ ಊಟದಲ್ಲಿ ಇಷ್ಟ್ ಗಟ್ಟಿಮುಟ್ಟಾಗಿ ಬೆಳ್ದೋಳು ಇವ್ಳೊಬ್ಳೇ. ಅದು ಹೆಂಗೆ ಅಂತ ಬರೀತಾರಂತೆ."

ಅವಳು ಹೋದ ಮೇಲೆ ಯಜಮಾನರು ನಕ್ಕಿದ್ದೇ ನಕ್ಕಿದ್ದು. "ಅಮ್ಮಿ, ಹಾಸನದ ಬೂವನಹಳ್ಳೀಲಿ ಏರೋಪ್ಲೇನ್ ನಿಲ್ದಾಣ ಕಟ್ತಿರೋದು ಇದಕ್ಕೇ ಕಣೆ. ಯಾವ್ಯಾವ ದೇಸದೋರೆಲ್ಲ ನಿನ್ ಮಗ್ಳ ನೋಡಕ್ಕೆ ಬಂದಿಳೀತಾರೆ." ಆಮೇಲೆ ತಮಾಷೆಗೆ ಇನ್ನೊಂದು ಮಾತು ಸೇರಿಸಿದರು. "ಇನ್ ಮ್ಯಾಲೆ ಎಲ್ಲಾ ಕಡೆ ಬೋರ್ಡ್ ಆಕ್ತಾರೆ ನೋಡು. ಹೆಣ್ಮಕ್ಳಿಗೆ ಅರ್ಧ ಮುದ್ದೆ ಸಾಕು ಅಂತ."

ಅವರು ನಕ್ಕು ಹೊಲಕ್ಕೆ ಹೋದರು. ನನಗೆ ಮಾತ್ರ ಆ ಮಾತು ಮುಳ್ಳಿನ ಹಾಗೆ ಕೂತಿತು. ತೊಟ್ಟಿಲಲ್ಲಿ ಮಗು ತನ್ನ ಮುಷ್ಟಿಯನ್ನೇ ಚೀಪುತ್ತಾ ನನ್ನನ್ನು ನೋಡುತ್ತಿತ್ತು. ಇವಳು ಹತ್ತು ಹನ್ನೆರಡು ವರ್ಷದವಳಾಗಿ ಎರಡನೇ ಮುದ್ದೆಗೆ ತಟ್ಟೆ ತಳ್ಳುವ ಹೊತ್ತಿಗೆ ಯಾರೋ ಒಬ್ಬರು ಪುಸ್ತಕ ಬಿಚ್ಚಿ, "ಬೇಡ, ಹೆಣ್ಣು ಹುಡುಗಿಗೆ ಅಷ್ಟೆಲ್ಲ ಬೇಕಿಲ್ಲ, ಇಲ್ಲಿ ಬರೆದಿದೆ ನೋಡು" ಎಂದರೆ? ಯಾರು ಬರೆಸಿದ್ದು ಅಂದರೆ? ಅವರಜ್ಜಿ. ಹೊಳೆನರಸೀಪುರದ ಜಯಮ್ಮ.

ಆವತ್ತಿನಿಂದ ಬುಧವಾರದ ತನಕ ನಾನು ಬದುಕಿದ್ದೇ ಹೆಚ್ಚು. ನಿಜ ಹೇಳಬೇಕು, ಅದೇನೋ ಸರಿ. ಹೇಳಿದರೆ ಮರ್ಯಾದೆ ಹೋಗುತ್ತದೆ. ಇಷ್ಟು ವರ್ಷ ನಮ್ಮ ಜಗಲಿಯಲ್ಲಿ ಕೂತು ಬರೆದುಕೊಂಡ ಶೋಭಾಳ ಮುಖ ಹೇಗೆ ನೋಡಲಿ? ಸುಳ್ಳು ಬರೆಸಿದವರ ಮನೆ ಅಂತ ಪವಿತ್ರನ ನಂಬರನ್ನು ಹೊಡೆದುಹಾಕಿದರೆ ಮೊಮ್ಮಗಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ವರ್ಷ ವರ್ಷವೂ ಒಬ್ಬರು ಹಾಸನದಿಂದ ಬಂದು ನನ್ನ ಮೊಮ್ಮಗಳು ಎಷ್ಟು ಬೆಳೆದಳು ಅಂತ ಬರೆದುಕೊಂಡು ಹೋಗುವುದು ನನಗೆ ಕಡಿಮೆ ಸಂತೋಷವೇ? ಇದೆಲ್ಲಕ್ಕಿಂತ ದೊಡ್ಡದು ದೃಷ್ಟಿ. ಮನೆಯಲ್ಲಿ ಬಾಣಂತಿ, ಕೂಸು. ಇಂಥ ಹೊತ್ತಿನಲ್ಲಿ ಹೊರಗಿನವರ ಮುಂದೆ "ನಮ್ಮುಡ್ಗಿ ಹೊಟ್ಟೆ ತುಂಬ ತಿಂತಿದ್ಲು" ಎನ್ನುವುದಾ?

ಪವಿತ್ರನಿಗೆ ಹೇಳಿದೆ. ಅವಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಾ, "ಅವ್ವ, ಸೂಜಿ ಚುಚ್ಚಿಸ್ಕಂಡಿದ್ದು ನಾನು. ನಾನೇ ಯೋಳ್ಬುಡ್ತೀನಿ ಬುಡು" ಎಂದಳು.

"ಬಾಯ್ ಮುಚ್ಚು. ಬಾಣಂತಿ ನೀನು. ನಿನ್ ಬಾಯಿಂದ ಬರ್ಬಾರ್ದು. ನಾನ್ ಯೋಳ್ತೀನಿ."

"ನೀನಾ?" ಎಂದು ನಕ್ಕಳು. ಮಗು ತೇಗಿತು.

ಬುಧವಾರ ಬೆಳಿಗ್ಗೆ ಎದ್ದು ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮಗುವಿನ ಕೆನ್ನೆಗೊಂದು, ಅಂಗಾಲಿಗೊಂದು ಕಾಡಿಗೆ ಬೊಟ್ಟು ಇಟ್ಟೆ. ಸಾಲದು ಎನ್ನಿಸಿ ಪವಿತ್ರನಿಗೂ ಕಿವಿಯ ಹಿಂದೆ ಒಂದು ಇಟ್ಟೆ. ಅವಳು ಕಂಡಕ್ಟರ್ ಗಂಟಲಲ್ಲಿ "ಅವ್ವ!" ಎಂದಾಗ ಕಾಡಿಗೆ ಡಬ್ಬಿ ನನ್ನ ಕೈಯಿಂದ ಬಿತ್ತು.

ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಲಕ್ಷಣವಾಗಿದ್ದರು. ಒಳಗೆ ಬಂದವರೇ, "ಚೆನ್ನಾಗಿದ್ದೀರಾ ಅಜ್ಜಿ?" ಎಂದರು. ಹೊರಗಿನವರೊಬ್ಬರು ನನ್ನನ್ನು ಅಜ್ಜಿ ಎಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ಅವರು ಬಂದ ಕೆಲಸವೇ ಮರೆತು ಅವರನ್ನು ತೊಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಕಿವಿ ತೋರಿಸಿದೆ, ಮೂಗು ತೋರಿಸಿದೆ. ಅವರು ತಾಳ್ಮೆಯಿಂದ ಎಲ್ಲ ನೋಡಿ, ಚಾಪೆಯ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದರು. ಶೋಭಾ ಚೀಲದಿಂದ ಮರದ ಉಂಡೆಗಳನ್ನು ತೆಗೆದಿಟ್ಟಳು. ಯಜಮಾನರು ಬಾಗಿಲ ಹತ್ತಿರ, ಕೋರ್ಟಿನಲ್ಲಿ ಸಾಕ್ಷಿ ನಿಂತ ಹಾಗೆ ನಿಂತರು.

"ಅಜ್ಜಿ, ಪವಿತ್ರ ಅವರು ಹದಿಮೂರು ಹದಿನಾಲ್ಕು ವರ್ಷದವರಾಗಿದ್ದಾಗ ದಿನಕ್ಕೆ ಎಷ್ಟು ಊಟ ಮಾಡುತ್ತಿದ್ದರು? ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿ."

ನಾನು ಉಸಿರೆಳೆದುಕೊಂಡೆ. ನಿಜವನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಬಾಯಿ ಬಿಟ್ಟೆ.

"ಅಯ್ಯೋ, ನಮ್ಮುಡ್ಗಿ ಏನೂ ತಿಂತಿರ್ಲಿಲ್ಲ ಕಣವ್ವ" ಎಂದಿತು ಬಾಯಿ.

ಬಾಗಿಲಿನಿಂದ ಯಜಮಾನರು ಕೆಮ್ಮಿದರು. ಪವಿತ್ರ ಸೂರು ನೋಡಿದಳು. ಡಾಕ್ಟರಮ್ಮನ ಬೆರಳುಗಳು ಟಕಟಕ ಎಂದು ಓಡಿದವು. ಆ ಶಬ್ದ ನನ್ನ ಎದೆಯ ಮೇಲೆ ಓಡಿದ ಹಾಗಾಯಿತು. ಬಾಯಿಯನ್ನು ನಂಬಿದರೆ ಕೆಲಸ ಕೆಡುತ್ತದೆ ಎಂದು ನನಗೆ ಆಗ ಹೊಳೆಯಿತು. "ಒಂದ್ ಗಳಿಗೆ ಇರ್ರವ್ವ" ಎಂದು ಎದ್ದು ಅಡಿಗೆ ಮನೆಗೆ ನಡೆದೆ.

ನೀರು ಕುದಿಯಲು ಇಟ್ಟೆ. ಹಿಟ್ಟು ಹಾಕಿದೆ. ಕೋಲು ಹಿಡಿದು, ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು, ಗಂಟಿಲ್ಲದ ಹಾಗೆ ತಿರುವಿದೆ. ಹೊರಗೆ ಶೋಭಾ, "ಜಯಕ್ಕ, ನಾವು ಊಟ ಮಾಡಂಗಿಲ್ಲ" ಎಂದು ಕೂಗಿದಳು. "ನಿಮ್ಗಲ್ಲ ಬುಡವ್ವ" ಎಂದು ಒಳಗಿಂದಲೇ ಕೂಗಿದೆ. ಮಣೆಯ ಮೇಲೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಆ ಕಾಲದಲ್ಲಿ ಹುಡುಗಿಗೆ ಎಷ್ಟು ಕಟ್ಟುತ್ತಿದ್ದೆನೋ ಅಷ್ಟೇ ಕಟ್ಟಿದೆ. ಕಣ್ಣು ಕಟ್ಟಿದರೂ ನನ್ನ ಕೈ ಆ ಅಳತೆ ತಪ್ಪುವುದಿಲ್ಲ. ಎರಡು ಕಟ್ಟಿದೆ. ತಟ್ಟೆಗೆ ಹಾಕಿ, ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ ಇಟ್ಟು, ಸೊಪ್ಪಿನ ಸಾರು ಹುಯ್ದು ತಂದು, ಮರದ ಆ ಮೂರು ಉಂಡೆಗಳ ಪಕ್ಕದಲ್ಲಿ ಇಟ್ಟೆ. ಪಕ್ಕದಲ್ಲಿಟ್ಟಾಗ ಆ ಉಂಡೆಗಳು ನಮ್ಮ ಮುದ್ದೆಯ ಮಕ್ಕಳ ಹಾಗೆ ಕಂಡವು. ಪವಿತ್ರನನ್ನು ನೋಡಿ, "ಉಣ್ಣು" ಎಂದೆ.

ಪವಿತ್ರ ಮಗುವನ್ನು ತನ್ನಪ್ಪನ ಕೈಗೆ ಕೊಟ್ಟು ಕೂತಳು. ನನ್ನ ಮಗಳು ಉಣ್ಣುವುದು ಒಂದು ಚೆಂದ. ಮುರಿದು, ಅದ್ದಿ, ನುಂಗಿದರೆ ಶಬ್ದವಿಲ್ಲ. ಮೂವರು ಹೆಂಗಸರು, ಒಬ್ಬ ಗಂಡಸು, ಒಂದು ಕೂಸು ಅವಳನ್ನೇ ನೋಡುತ್ತಾ ಕೂತೆವು. ಎರಡನೇ ಮುದ್ದೆ ಅರ್ಧವಾಗುವ ಹೊತ್ತಿಗೆ ಶೋಭಾ ಕನ್ನಡಕ ತೆಗೆದಳು.

"ಜಯಕ್ಕ... ಇದು..."

"ಆರನೇ ಕ್ಲಾಸಿಂದ" ಎಂದೆ. ತಲೆ ಎತ್ತಲಾಗಲಿಲ್ಲ. "ಬೆಳಿಗ್ಗೆ ಎರಡು, ರಾತ್ರಿ ಎರಡು. ಮೊಟ್ಟೆ ದಿನಾ. ಸ್ಕೂಲಲ್ಲಿ ತಿಂದಿದ್ದು ಬ್ಯಾರೆ."

ಪವಿತ್ರ ಮೊಟ್ಟೆಗೆ ಕೈ ಹಾಕಿದಳು. "ಇಷ್ಟ್ ವರ್ಸ ಬಂದೋಳಿಗೆ, ನಂಗೂ ಯೋಳ್ಲಿಲ್ವಲ್ಲ ಜಯಕ್ಕ. ನಾನೂ ಹೊರಗಿನೋಳೇನಾ?" ಎಂದಳು ಶೋಭಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ದೃಷ್ಟಿ ಕಣವ್ವ, ನಿನ್ ದೃಷ್ಟಿ ಅಂತ ಅಲ್ಲ..." ಎಂದು ಏನೇನೋ ತೊದಲಿದೆ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಶೋಭಾಳೇ ಅವರಿಗೆ ಬಿಡಿಸಿ ಹೇಳಲು ಶುರು ಮಾಡಿದಳು. "ಮೇಡಂ, ನಮ್ ಕಡೆ ತಾಯಂದಿರು ಮಕ್ಕಳು ಚೆನ್ನಾಗಿ ತಿಂತಾವೆ ಅಂತ ಹೇಳಲ್ಲ. ನಮ್ಮಮ್ಮನೂ ಅಷ್ಟೇ, ನಾನು ಏನೂ ತಿನ್ನಲ್ಲ ಅಂತ ಊರಿಗೆಲ್ಲ..." ಅಲ್ಲಿಗೆ ಅವಳ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ನಾಲ್ಕು ತಾಲ್ಲೂಕು, ಅಷ್ಟು ಮನೆಗಳು, ಅಷ್ಟು ತಾಯಂದಿರು ಅವಳ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಾಣಿಸಿತು.

"ಮೇಡಂ" ಎಂದಳು ಸಣ್ಣ ದನಿಯಲ್ಲಿ, "ಅರಕಲಗೂಡಲ್ಲಿ ಎಲ್ರೂ ಚಿಕ್ಕ ಉಂಡೆನೇ ಮುಟ್ಟಿರೋದು."

ಡಾಕ್ಟರಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅಳುತ್ತಾರೇನೋ ಎಂದುಕೊಂಡೆ. ಭುಜ ಕುಲುಕುತ್ತಿತ್ತು. ನೋಡಿದರೆ ನಗುತ್ತಿದ್ದಾರೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಅಜ್ಜಿ, ಇಷ್ಟು ಓದಿಕೊಂಡಿರುವ ನಾವು ಯಾರೂ ಒಂದು ದಿನ ಊಟದ ಹೊತ್ತಿಗೆ ಬಂದು ನೋಡಬೇಕು ಅಂದುಕೊಳ್ಳಲಿಲ್ಲವಲ್ಲ" ಎಂದರು. ತೂಕ, ಎತ್ತರ, ರಕ್ತ ಎಲ್ಲ ನಿಜವೇ ಆದ್ದರಿಂದ ಪವಿತ್ರನ ನಂಬರು ಎಲ್ಲೂ ಹೋಗುವುದಿಲ್ಲವಂತೆ. ಊಟದ ಲೆಕ್ಕವನ್ನು ಮಾತ್ರ ನಂಬುವ ಹಾಗಿಲ್ಲ ಎಂದು ಗುರುತು ಮಾಡುತ್ತಾರಂತೆ. ಕಡಿಮೆ ತಿಂದು ಬೆಳೆದಳು ಎಂದು ಯಾರೂ ಎಲ್ಲೂ ಬರೆಯುವುದಿಲ್ಲವಂತೆ. ನನಗೆ ಎದೆಯ ಮೇಲಿನ ರುಬ್ಬುಗುಂಡು ಇಳಿಸಿದ ಹಾಗಾಯಿತು. "ಮಿಕ್ಕೋರ್ ಮನೆಗೂ ನಾನೇ ನಿಮ್ ಜೊತೆ ಬತ್ತೀನಿ. ಅವ್ರ ಮುದ್ದೆ ಪಾತ್ರೆ ನೋಡಿದ್ರೆ ಸಾಕು, ಮಕ್ಳು ಎಷ್ಟ್ ತಿಂದವ್ರೆ ಅಂತ ಯೋಳ್ತೀನಿ" ಎಂದೆ. ಶೋಭಾಳಿಗೂ ನಗು ಬಂತು. ಪವಿತ್ರ ಕೈ ತೊಳೆದುಕೊಂಡು ಬಂದು ಮಗುವಿನ ಕಾಗದಕ್ಕೆ ಸಹಿ ಹಾಕಿದಳು. ನನ್ನ ಮೊಮ್ಮಗಳಿಗೂ ಒಂದು ನಂಬರು ಬಂತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲವಂತೆ. ಬಹಳ ಚೆಂದದ ನಂಬರು.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಡಾಕ್ಟರಮ್ಮ ಇನ್ನೊಂದು ಕಾಗದ ತೆಗೆದರು. ಮಗಳ ಮೈಯಲ್ಲಿ ತಾಯಿಯ ಹುಡುಗಿತನವೂ ಇರುತ್ತದಂತೆ, ಆದ್ದರಿಂದ ಅಜ್ಜಿಯರನ್ನೂ ಕೇಳುತ್ತಾರಂತೆ. "ನೀವು ಹದಿಮೂರು ವರ್ಷದವರಾಗಿದ್ದಾಗ ಏನು ಊಟ ಮಾಡುತ್ತಿದ್ದಿರಿ ಅಜ್ಜಿ?"

ನನಗೆ ಮೈ ಜುಂ ಎಂದಿತು. ಇಷ್ಟು ವಯಸ್ಸಾಯಿತು, ನನ್ನನ್ನು ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ನನ್ನ ತೌರು ರಾಮನಾಥಪುರದ ಹತ್ತಿರ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹುಡುಗಿಯರೆಲ್ಲ ಸೇರಿ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿಕೊಡಬೇಕು, ಅದು ಬೇಯಿಸುವ ಮನೆಗೆ, ಅಂದರೆ ಬೆಂಕಿಯ ಕಾವಿನಲ್ಲಿ ಎಲೆ ಒಣಗಿಸುವ ಕೋಣೆಗೆ, ಹೋಗಬೇಕು. ಎಲೆಯ ಅಂಟು ಕೈಗೆ ಹತ್ತಿ ಕಪ್ಪಗಾಗಿ, ಎಷ್ಟು ತೊಳೆದರೂ ಕಹಿ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ತುತ್ತು ಎತ್ತಿದರೆ ತುತ್ತೂ ಕಹಿ. ಕೆಲವು ದಿನ ತಲೆ ತಿರುಗಿ ವಾಂತಿ. ಮೊದಲು ಅಪ್ಪ ಅಣ್ಣಂದಿರು ಉಣ್ಣಬೇಕು, ಆಮೇಲೆ ಆಳುಗಳು, ಆಮೇಲೆ ನಾವು. ನಮ್ಮ ಹೊತ್ತಿಗೆ ಪಾತ್ರೆ ಕೆರೆಯುವ ಸದ್ದು ಬರುತ್ತಿತ್ತು. ಇದನ್ನೆಲ್ಲ ನಾನು ದುಃಖದಿಂದ ಹೇಳಲಿಲ್ಲ. ಕೇಳುವವರು ಸಿಕ್ಕಿದರಲ್ಲ ಎಂದು ಉತ್ಸಾಹದಿಂದ ಹೇಳಿದೆ. ಹೇಳಿ ಚಿಕ್ಕ ಉಂಡೆ ಮುಟ್ಟಿ, "ಇದ್ರಾಗೂ ಅರ್ಧ. ನಾನು ಏನೂ ತಿಂತಿರ್ಲಿಲ್ಲ ಕಣವ್ವ" ಎಂದೆ.

ಇಬ್ಬರೂ ಗೊಳ್ಳೆಂದು ನಕ್ಕರು.

"ಜಯಕ್ಕ, ಮತ್ತೆ ಸುರು ಮಾಡ್ಕಂಡ್ರಾ!" ಎಂದಳು ಶೋಭಾ.

"ಅಯ್ಯೋ, ಇದು ದಿಟ ಕಣೆ!"

"ಅದೂ ದಿಟ ಅಂತ್ಲೇ ಯೋಳಿದ್ರಿ" ಎಂದಳು. ನನ್ನ ಮಗಳೂ ನಗುತ್ತಿದ್ದಳು. ದೇವರ ಮೇಲೆ ಆಣೆ ಎಂದೆ, ಮೊಮ್ಮಗಳ ತಲೆ ಮುಟ್ಟಲು ಮಾತ್ರ ಕೈ ಬರಲಿಲ್ಲ. ಕೊನೆಗೆ, "ತಡೀರಿ, ನಮ್ಮಣ್ಣನ್ನೇ ಕೇಳಿ" ಎಂದು ರಾಮನಾಥಪುರಕ್ಕೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿದೆ. "ಅಣ್ಣಯ್ಯ, ಇಲ್ಲಿ ಡಾಕ್ಟ್ರಮ್ಮ ಬಂದವ್ರೆ. ನಾನು ಚಿಕ್ಕೋಳಿದ್ದಾಗ ನಮ್ಮನೇಲಿ ಏನ್ ಉಣ್ತಿದ್ದೆ, ಬರ್ಕತಾರಂತೆ, ಯೋಳು."

ಬರೆದುಕೊಳ್ಳುತ್ತಾರೆ ಎಂದ ಕೂಡಲೇ ಅಣ್ಣಯ್ಯನ ದನಿ ಪಂಚೆ ಸರಿಮಾಡಿಕೊಂಡು ಎದ್ದು ನಿಂತ ಹಾಗಾಯಿತು. "ನಮ್ಮನೇಲಿ ಏನ್ ಕಮ್ಮಿ ತಾಯಿ? ಹೆಣ್ಮಗ ಅಂತ ಬೇದ ಮಾಡ್ದೋರಲ್ಲ ನಾವು. ಹಾಲು, ಮೊಸರು, ತುಪ್ಪ. ನಮ್ ಜಯ ಬ್ಯಾಡ ಬ್ಯಾಡ ಅಂದ್ರೂ ತಟ್ಟೆಗೆ ಸುರೀತಿದ್ವು. ರಾಣಿ ಇದ್ದಂಗಿದ್ಲು ಅಂತ ಬರ್ಕಳಿ."

ಫೋನು ಇಟ್ಟೆ. ಯಜಮಾನರು ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು, ಅಲ್ಲಿಂದ ನಗು ಕೇಳಿಸಿತು. ಡಾಕ್ಟರಮ್ಮನ ಬೆರಳು ಗಾಳಿಯಲ್ಲಿ ನಿಂತಿತ್ತು. ಎಡಗಡೆ ನಾನು, ಬಲಗಡೆ ಅಣ್ಣಯ್ಯನ ತುಪ್ಪ. ಯಾವುದನ್ನು ಬರೆಯುತ್ತಾರೆ ಪಾಪ?

ಶೋಭಾ ಮಾತ್ರ ಈಗ ನಗುತ್ತಿರಲಿಲ್ಲ. ನನ್ನ ಪಕ್ಕ ನಿಂತಿದ್ದ ಪವಿತ್ರನನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ತಲೆ ನನ್ನ ಮಗಳ ಭುಜದ ಹತ್ತಿರ ಮುಗಿದುಹೋಗುತ್ತದೆ. ಶೋಭಾ ಚೀಲದಿಂದ ಟೇಪು ತೆಗೆದಳು. "ಬನ್ನಿ ಜಯಕ್ಕ, ಗೋಡೆಗೆ ಒರಗಿ ನಿಂತ್ಕಳಿ" ಎಂದಳು, ಮೆತ್ತಗೆ.

ನನಗೆ ಅರ್ಥವಾಯಿತು. ನನ್ನ ಬಾಯಿ, ಅಣ್ಣಯ್ಯನ ಬಾಯಿ ಎರಡನ್ನೂ ಬದಿಗಿಟ್ಟು ನನ್ನ ಎಲುಬನ್ನೇ ಕೇಳುತ್ತಿದ್ದಾಳೆ. ಆ ಕಹಿ ಕೈಯ ತುತ್ತುಗಳು, ತಳ ಕೆರೆದ ಪಾತ್ರೆ, ಎಲ್ಲ ನನ್ನ ಈ ಕುಳ್ಳು ಮೈಯಲ್ಲೇ ಬರೆದಿದೆ. ನಾನು ಸುಮ್ಮನೆ ನೆಟ್ಟಗೆ ನಿಂತರೆ ಸಾಕು, ಇವರೆಲ್ಲ ನಂಬುತ್ತಾರೆ. ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮಗಳು ನೋಡುತ್ತಿದ್ದಳು. ಡಾಕ್ಟರಮ್ಮ ನೋಡುತ್ತಿದ್ದರು. ಹಿತ್ತಲ ಬಾಗಿಲಿನಿಂದ ಅವರಜ್ಜನ ಹೆಗಲ ಮೇಲಿಂದ ನನ್ನ ಮೊಮ್ಮಗಳೂ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ಶೋಭಾ ನನ್ನ ತಲೆಯ ಮೇಲೆ ಕೈ ಇಟ್ಟು, ಟೇಪು ಇಳಿಬಿಟ್ಟು, ಬಗ್ಗಿ ನೆಲ ನೋಡಿದಳು.

"ಜಯಕ್ಕ" ಎಂದಳು, "ಹಿಮ್ಮಡಿ ಕೆಳಕ್ಕೆ ಬುಡಿ."

ಸ್ವಲ್ಪ ಬಿಟ್ಟೆ.

"ಇನ್ನೂ" ಎಂದಳು.